ಕೈಯಿಂದ ಕೈಗೆ ವಿದ್ಯೆ ದಾಟಿಸಿದ ಮೇಡಂ ಕ್ಯೂರಿ

ನಾನು ವಿಜ್ಞಾನದ ವಿದ್ಯಾರ್ಥಿನಿಯಲ್ಲ. ಇತಿಹಾಸವನ್ನು ಮುಖ್ಯ ವಿಷಯವಾಗಿ ತೆಗೆದುಕೊಂಡು ಬಿ.ಎ. ಅಂತಿಮ ವರ್ಷದಲ್ಲಿ ಓದುತ್ತಿರುವವಳು. ಬನಹಟ್ಟಿಯ ನೇಕಾರರ ಮನೆಯಲ್ಲಿ ಹುಟ್ಟಿದ ನನಗೆ ಮಗ್ಗದ ಸದ್ದೇ ಜೋಗುಳವಾಗಿತ್ತು. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳು. ಅಂಥವಳು ಕ್ಷ-ಕಿರಣದ ವಿಷಯವಾಗಿ ಬರೆಯಹೊರಟಿರುವುದನ್ನು ಕಂಡು ವಾಚಕರು ನಗಬಹುದು. ಆದುದರಿಂದ ಈ ಬರೆಹದ ಹಿಂದಿನ ಕಾರಣವನ್ನು ಮೊದಲೇ ಹೇಳಿಬಿಡುವೆನು.

ಎರಡು ವರ್ಷಗಳ ಹಿಂದೆ ನಮ್ಮ ತಂದೆಯವರಿಗೆ ಹಿಡಿದ ಕೆಮ್ಮು ತಿಂಗಳಾದರೂ ಬಿಡಲಿಲ್ಲ. ಡಾಕ್ಟರರು ಎದೆಯ ಎಕ್ಸ್-ರೇ ತೆಗೆಸಿಕೊಂಡು ಬರಲು ಹೇಳಿದರು. ಹೋದ ಕಡೆ ಚಿತ್ರ ತೆಗೆಯುವ ಹುಡುಗ ಕೆಲಸಕ್ಕೆ ಹೊಸಬ. ತಂದೆಯವರನ್ನು ಹಲಗೆಗೆ ಆನಿಸಿ ನಿಲ್ಲಿಸಿದ. ಉಸಿರು ಹಿಡಿಯಬೇಕೆಂದು ಅವಸರದಲ್ಲಿ ಒಂದು ಮಾತು ಹೇಳಿ, ಒಳಗೆ ಓಡಿ ಗುಂಡಿಯೊತ್ತಿದ. ತಂದೆಯವರು ಉಸಿರನ್ನು ಪೂರ್ತಿ ಹೊರಗೆ ಬಿಟ್ಟು ಹಿಡಿದಿದ್ದರು! ಉಸಿರನ್ನು ಒಳಗೆಳೆದು ನಿಂತರೆ ಶ್ವಾಸಕೋಶವು ಅರಳಿ ಚಿತ್ರದಲ್ಲಿ ಕಪ್ಪಾಗಿ, ಸ್ಪಷ್ಟವಾಗಿ ತೋರುವುದು. ಬಿಟ್ಟು ನಿಂತರೆ ಅದು ಮುದುಡಿ ಬೆಳ್ಳಗೆ ಕಾಣುವುದು, ಹೃದಯವೂ ಇದ್ದುದಕ್ಕಿಂತ ದೊಡ್ಡದಾಗಿ ಕಾಣುವುದು. ಈ ಸಂಗತಿ ನನಗೆ ತಿಳಿದದ್ದು ಆಮೇಲೆ. ಡಾಕ್ಟರರು ಚಿತ್ರವನ್ನು ನೋಡಿ ಏನನ್ನೂ ನಿಶ್ಚಯಿಸಲಾರದೆ, ಮತ್ತೊಮ್ಮೆ ತೆಗೆಸಿರೆಂದರು. ಕ್ಷಯವೋ ಏನೋ ಎಂಬ ಅಂಜಿಕೆಯಲ್ಲಿ ನಮ್ಮ ಅವ್ವ ಎಂಟು ದಿನ ಸರಿಯಾಗಿ ಊಟ ಮಾಡಲಿಲ್ಲ. ಮತ್ತೆ ಮಗ್ಗ ನಿಲ್ಲಿಸಿ, ಎರಡು ದಿನದ ದುಡಿಮೆ ಕಳೆದುಕೊಂಡು, ಬೇರೆ ಊರಿಗೆ ಹೋದೆವು. ಅಲ್ಲಿದ್ದ ಹಿರಿಯ ಹೆಣ್ಣುಮಗಳೊಬ್ಬರು ತಂದೆಯವರ ಕೈಗಳನ್ನು ಸೊಂಟದ ಮೇಲೆ ಇರಿಸಿ, ಭುಜಗಳನ್ನು ಮುಂದಕ್ಕೆ ತಳ್ಳಿ, ಗದ್ದ ಎತ್ತಿಸಿ, ಎದೆ ತುಂಬ ಉಸಿರು ತೆಗೆದುಕೊಂಡು ನಿಲ್ಲುವುದನ್ನು ನಮ್ಮ ಆಡುಮಾತಿನಲ್ಲಿಯೇ ಎರಡು ಸಲ ರೂಢಿ ಮಾಡಿಸಿದರು. ಆಮೇಲೆಯೇ ಚಿತ್ರ ತೆಗೆದರು. ಕ್ಷಯವಲ್ಲವೆಂದು ಅದರಿಂದ ತಿಳಿಯಿತು. ಯಂತ್ರ ಎರಡೂ ಕಡೆ ಇತ್ತು. ಕೈ ಮಾತ್ರ ಬೇರೆ ಬೇರೆ.

ಈ ಮಾತು ನನ್ನ ಮನಸ್ಸಿನಲ್ಲಿ ಕುಳಿತಿರುವಾಗಲೇ ಇನ್ನೊಂದು ಸಂಗತಿ ನಡೆಯಿತು. ನನ್ನ ಕಾಕಾನ ಮಗಳು ದೂರದ ಊರಿನಲ್ಲಿ ಕ್ಷ-ಕಿರಣ ಚಿತ್ರಣದ ಪದವಿಗೆ ಓದುತ್ತಿರುವಳು. ಪುಸ್ತಕದ ಪರೀಕ್ಷೆಗಳನ್ನೆಲ್ಲ ಮುಗಿಸಿ ಆಸ್ಪತ್ರೆಯ ತರಬೇತಿಗೆ ಸೇರಿದ ಆಕೆ ದೀಪಾವಳಿಗೆ ಬಂದಾಗ ಕಣ್ಣೀರು ಹಾಕಿದಳು. ತಿಂಗಳುಗಟ್ಟಲೆ ಮೂಲೆಯಲ್ಲಿ ನಿಲ್ಲುವುದೇ ಅವಳ ಪಾಲಿನ ತರಬೇತಿಯಾಗಿತ್ತು. ಹೆಸರು ಬರೆಯುವುದು, ರೋಗಿಗಳನ್ನು ಸಾಲಾಗಿ ಕರೆಯುವುದು, ಬಾಗಿಲು ಮುಚ್ಚುವುದು. ಯಂತ್ರವನ್ನು ಮಾತ್ರ ಯಾರೂ ಮುಟ್ಟಗೊಡರು. ಜನಸಂದಣಿ ಹೆಚ್ಚು, ಕಲಿಸಲು ಯಾರಿಗೂ ಪುರುಸೊತ್ತಿಲ್ಲ. ಇದನ್ನು ಬಿಟ್ಟು ಬೇರೆ ಏನಾದರೂ ಮಾಡುವೆನೆಂದು ಅಕ್ಕ ಹಟ ಹಿಡಿದಳು. ಅವಳಿಗೆ ಏನು ಹೇಳಬೇಕೆಂದು ತೋಚದೆ ನಾನು ಕಾಲೇಜಿನ ಗ್ರಂಥಾಲಯದಲ್ಲಿ ಹುಡುಕಾಡಿದೆನು. ಆಗ ನನಗೆ ದೊರೆತದ್ದೇ ಮೇಡಂ ಕ್ಯೂರಿಯವರ ಜೀವನ. ರೇಡಿಯಂ ಕಂಡುಹಿಡಿದ ಮಹಾತಾಯಿಯೆಂದು ಅವರನ್ನು ಎಲ್ಲರೂ ಬಲ್ಲರು. ಆದರೆ ಕ್ಷ-ಕಿರಣದ ಕೆಲಸಗಾರ್ತಿಯರಿಗಾಗಿ ಅವರು ಒಂದು ಶಾಲೆಯನ್ನೇ ನಡೆಸಿದರೆಂಬುದನ್ನು ಬಲ್ಲವರು ಕಡಿಮೆ.

1867ನೆಯ ಇಸವಿ ನವೆಂಬರ್ 7ರಂದು ಪೋಲೆಂಡ್ ದೇಶದ ವಾರ್ಸಾ ನಗರದಲ್ಲಿ ಅವರು ಜನಿಸಿದರು. ಹುಟ್ಟುಹೆಸರು ಮಾರ್ಯಾ ಸ್ಕ್ಲೊಡೊವ್ಸ್ಕಾ. ಮನೆಯವರು ಮುದ್ದಿನಿಂದ ಮಾನ್ಯಾ ಎಂದು ಕರೆಯುತ್ತಿದ್ದರು. ಐವರು ಮಕ್ಕಳಲ್ಲಿ ಅವಳೇ ಕಿರಿಯಳು. ತಂದೆ ಗಣಿತ ಮತ್ತು ಭೌತವಿಜ್ಞಾನದ ಶಿಕ್ಷಕರು. ತಾಯಿ ಹೆಣ್ಣುಮಕ್ಕಳ ಶಾಲೆಯೊಂದರ ಮುಖ್ಯಸ್ಥೆಯಾಗಿದ್ದವರು. ದೇಶವು ಆಗ ರಷ್ಯದ ಚಕ್ರವರ್ತಿಯ ಆಳಿಕೆಯಲ್ಲಿತ್ತು. ಪೋಲೆಂಡಿನ ಮಕ್ಕಳು ಪ್ರಯೋಗ ಮಾಡಿ ಕಲಿಯುವುದನ್ನು ಆಳುವವರು ಶಾಲೆಗಳಿಂದ ತೆಗೆದುಹಾಕಿದ್ದರಿಂದ, ತಂದೆಯು ಭೌತವಿಜ್ಞಾನದ ಉಪಕರಣಗಳನ್ನು ಮನೆಗೆ ತಂದು ಗಾಜಿನ ಕಪಾಟಿನಲ್ಲಿ ಇರಿಸಿದ್ದರು. ಚಿಕ್ಕ ಮಾನ್ಯಾ ಆ ಗಾಜಿನ ಮುಂದೆ ನಿಂತು ಅವುಗಳನ್ನು ನೋಡುತ್ತಿದ್ದಳು. ಕಾಣುವುದುಂಟು, ಬಳಸುವಂತಿಲ್ಲ. ಇದನ್ನು ಓದಿದಾಗ ನನಗೆ ಆಸ್ಪತ್ರೆಯ ಮೂಲೆಯಲ್ಲಿ ನಿಂತ ನಮ್ಮ ಅಕ್ಕನೇ ಕಣ್ಣ ಮುಂದೆ ಬಂದಳು.

ಮಾನ್ಯಾಳಿಗೆ ಹತ್ತು ವರ್ಷವಾಗಿದ್ದಾಗ ತಾಯಿಯು ಕ್ಷಯದಿಂದ ತೀರಿಕೊಂಡಳು. ಅದಕ್ಕೆ ಮೊದಲೇ ಒಬ್ಬ ಅಕ್ಕ ಜ್ವರಕ್ಕೆ ಬಲಿಯಾಗಿದ್ದಳು. ದುಃಖವನ್ನು ನುಂಗಿಕೊಂಡು ಓದಿದ ಹುಡುಗಿ 1883ರಲ್ಲಿ ಚಿನ್ನದ ಪದಕದೊಡನೆ ಶಾಲೆಯನ್ನು ಮುಗಿಸಿದಳು. ಆದರೆ ವಾರ್ಸಾದ ವಿಶ್ವವಿದ್ಯಾಲಯದ ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಿತ್ತು. ಪ್ಯಾರಿಸಿಗೆ ಹೋಗಲು ಹಣವಿಲ್ಲ. ಆಗ ಅಕ್ಕ ಬ್ರೋನ್ಯಾ ಮತ್ತು ತಂಗಿ ಮಾನ್ಯಾ ಒಂದು ಒಪ್ಪಂದ ಮಾಡಿಕೊಂಡರು. ಮೊದಲು ತಂಗಿ ದುಡಿದು ಅಕ್ಕನನ್ನು ವೈದ್ಯವಿದ್ಯೆ ಓದಿಸುವುದು. ಆಮೇಲೆ ಅಕ್ಕ ತಂಗಿಯನ್ನು ಕರೆಸಿಕೊಳ್ಳುವುದು. ಅದರಂತೆ ಮಾನ್ಯಾ ಶ್ರೀಮಂತರ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಸೇರಿದಳು. 1886ರಿಂದ 1889ರವರೆಗೆ ಶ್ಚುಕಿ ಎಂಬ ಹಳ್ಳಿಯಲ್ಲಿದ್ದಾಗ, ಬಿಡುವಿನ ವೇಳೆಯಲ್ಲಿ ಒಕ್ಕಲಿಗರ ಮಕ್ಕಳನ್ನು ಕೂಡಿಸಿ ಅವರ ತಾಯ್ನುಡಿಯಲ್ಲಿ ಓದುಬರಹ ಕಲಿಸಿದಳು. ಸರಕಾರಕ್ಕೆ ತಿಳಿದಿದ್ದರೆ ಅದಕ್ಕೆ ಶಿಕ್ಷೆಯಾಗುತ್ತಿತ್ತು. ತಾನೇ ಇನ್ನೂ ಕಲಿಯಬೇಕಾಗಿದ್ದವಳು ಕಲಿಸುವುದಕ್ಕೆ ಕಾಯಲಿಲ್ಲ.

ಮರಳಿ ವಾರ್ಸಾಕ್ಕೆ ಬಂದ ಮೇಲೆ 1890-91ರಲ್ಲಿ ಅವಳ ಬಾಳಿನ ದೊಡ್ಡ ತಿರುವು ಬಂದಿತು. ಅವಳ ಸಂಬಂಧಿಕನೊಬ್ಬನು ಉದ್ಯಮ ಮತ್ತು ಕೃಷಿಯ ವಸ್ತುಸಂಗ್ರಹಾಲಯವೆಂಬ ಹೆಸರಿನ ಸಂಸ್ಥೆಯಲ್ಲಿ ಒಂದು ಚಿಕ್ಕ ಪ್ರಯೋಗಶಾಲೆ ನಡೆಸುತ್ತಿದ್ದನು. ಸಂಜೆಯ ಹೊತ್ತು ಮತ್ತು ಭಾನುವಾರಗಳಲ್ಲಿ ಮಾನ್ಯಾ ಅಲ್ಲಿಗೆ ಹೋಗಿ, ಪುಸ್ತಕದಲ್ಲಿ ಓದಿದ ಪ್ರಯೋಗಗಳನ್ನು ತಾನೇ ಮಾಡಿ ನೋಡಿದಳು. ಕೆಲವು ಕೂಡಿಬಂದವು, ಅನೇಕ ಕೆಟ್ಟುಹೋದವು. ಗಾಜಿನ ಹಿಂದೆ ಇದ್ದುದು ಕಡೆಗೂ ಕೈಗೆ ಬಂದಿತ್ತು. ನಮ್ಮ ಓಣಿಯಲ್ಲಿ ಮಗುವಿಗೆ ಮಗ್ಗದ ಪಾಠವನ್ನು ಯಾರೂ ಬಾಯಿಂದ ಹೇಳುವುದಿಲ್ಲ. ಮೊದಲು ಕಂಡಿಕೆ ಸುತ್ತಲು ಕೂಡಿಸುವರು. ಆಮೇಲೆ ಕಡಿದ ಎಳೆಗೆ ಗಂಟು ಹಾಕಿಸುವರು. ಹತ್ತು ಗಂಟು ಬಿಚ್ಚಿಹೋದ ಮೇಲೆ ಹನ್ನೊಂದನೆಯದು ನಿಲ್ಲುವುದು. ಮಾನ್ಯಾಳ ಆ ಭಾನುವಾರಗಳೂ ಅಂತಹವೇ ಇರಬೇಕೆಂದು ನನಗೆ ಅನಿಸಿತು.

1891ರ ನವೆಂಬರಿನಲ್ಲಿ ಅವರು ಪ್ಯಾರಿಸಿಗೆ ಹೊರಟರು. ವಯಸ್ಸು ಇಪ್ಪತ್ತನಾಲ್ಕರ ಹತ್ತಿರ. ಚಳಿಗಾಲದಲ್ಲಿ ಸರಿಯಾಗಿ ಬೆಚ್ಚಗಾಗದ ಅಟ್ಟದ ಕೋಣೆಯಲ್ಲಿ ಅರೆಹೊಟ್ಟೆಯಿಂದ ಓದಿ, 1893ರಲ್ಲಿ ಭೌತವಿಜ್ಞಾನದ ಪದವಿಯಲ್ಲಿ ಮೊದಲನೆಯವರಾಗಿಯೂ 1894ರಲ್ಲಿ ಗಣಿತದಲ್ಲಿ ಎರಡನೆಯವರಾಗಿಯೂ ತೇರ್ಗಡೆ ಹೊಂದಿದರು. 1895ರ ಜುಲೈ ತಿಂಗಳಲ್ಲಿ ಪಿಯರ್ ಕ್ಯೂರಿ ಎಂಬ ವಿಜ್ಞಾನಿಯನ್ನು ಮದುವೆಯಾದರು. ಅದೇ ವರ್ಷದ ನವೆಂಬರ್ 8ರಂದು ಜರ್ಮನಿಯಲ್ಲಿ ರಾಂಟ್‌ಜನ್ನರು ಕ್ಷ-ಕಿರಣವನ್ನು ಕಂಡುಹಿಡಿದರು. ಮರುವರ್ಷ ಬೆಕೆರೆಲ್ಲರು ಯುರೇನಿಯಂ ಲವಣಗಳು ತಾವಾಗಿಯೇ ಕಿರಣಗಳನ್ನು ಸೂಸುವುದನ್ನು ಕಂಡರು.

ಆ ಕಿರಣಗಳ ಬೆನ್ನು ಹತ್ತಿದ ಕ್ಯೂರಿ ದಂಪತಿಗಳ ಕಥೆಯನ್ನು ನಾವೆಲ್ಲರೂ ಶಾಲೆಯಲ್ಲಿ ಓದಿರುವೆವು. 1898ರಲ್ಲಿ ಪೊಲೋನಿಯಂ ಮತ್ತು ರೇಡಿಯಂ ಎಂಬ ಎರಡು ಹೊಸ ಮೂಲವಸ್ತುಗಳನ್ನು ಅವರು ಲೋಕಕ್ಕೆ ತಿಳಿಸಿದರು. ಆಮೇಲೆ ಸೋರುವ ಕೊಟ್ಟಿಗೆಯೊಂದರಲ್ಲಿ ಟನ್ನುಗಟ್ಟಲೆ ಅದಿರಿನ ಕಸವನ್ನು ಕುದಿಸಿ, ಸೋಸಿ, ಹರಳುಗಟ್ಟಿಸಿ, 1902ರಲ್ಲಿ ಒಂದು ಗ್ರಾಮಿನ ಹತ್ತನೆಯ ಒಂದು ಪಾಲಿನಷ್ಟು ಶುದ್ಧ ರೇಡಿಯಂ ಕ್ಲೋರೈಡನ್ನು ಪಡೆದರು. ತನ್ನಷ್ಟೇ ಎತ್ತರದ ಕಬ್ಬಿಣದ ಸಲಾಕೆಯಿಂದ ಕುದಿಯುವ ರಸವನ್ನು ದಿನವಿಡೀ ತಿರುವಿದವರು ಮೇಡಂ ಕ್ಯೂರಿಯವರೇ. 1903ರಲ್ಲಿ ಪತಿ ಹಾಗೂ ಬೆಕೆರೆಲ್ಲರೊಡನೆ ನೊಬೆಲ್ ಪಾರಿತೋಷಕ ಬಂದಿತು. ಅದನ್ನು ಪಡೆದ ಮೊದಲ ಮಹಿಳೆ ಅವರು. ರೇಡಿಯಂ ತೆಗೆಯುವ ವಿಧಾನಕ್ಕೆ ಹಕ್ಕುಪತ್ರ ಪಡೆದಿದ್ದರೆ ಸಿರಿವಂತರಾಗುತ್ತಿದ್ದರು. ಪಡೆಯಲಿಲ್ಲ. 1906ರ ಏಪ್ರಿಲ್ 19ರಂದು ಪಿಯರ್ ಅವರು ಕುದುರೆಯ ಸಾಮಾನುಗಾಡಿಯ ಕೆಳಗೆ ಸಿಕ್ಕು ಮರಣಹೊಂದಿದರು. ಎರಡು ಚಿಕ್ಕ ಹೆಣ್ಣುಮಕ್ಕಳ ತಾಯಿಯು ಪತಿಯ ಪಾಠವನ್ನು ತಾನೇ ಮುಂದುವರಿಸಿ, ಸೋರ್ಬಾನ್ ವಿದ್ಯಾಪೀಠದಲ್ಲಿ ಕಲಿಸಿದ ಮೊದಲ ಮಹಿಳೆಯಾದಳು. 1911ರಲ್ಲಿ ರಸಾಯನವಿಜ್ಞಾನಕ್ಕಾಗಿ ಎರಡನೆಯ ನೊಬೆಲ್ ಬಂದಿತು. ಅದೇ ವರ್ಷ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯು ಅವರನ್ನು ಸದಸ್ಯೆಯನ್ನಾಗಿ ಆರಿಸಿಕೊಳ್ಳಲು ನಿರಾಕರಿಸಿತ್ತೆಂಬುದನ್ನೂ ಮರೆಯಬಾರದು.

ಇಷ್ಟರಲ್ಲಿಯೇ ಅವರು ಹಿರಿಯ ಶಿಕ್ಷಕಿಯೂ ಆಗಿದ್ದರು. 1900ರಿಂದ ಸೆವ್ರ್ ಎಂಬಲ್ಲಿ ಶಿಕ್ಷಕಿಯರಾಗಲಿದ್ದ ಹುಡುಗಿಯರಿಗೆ ಪಾಠ ಹೇಳುವಾಗ, ಬರಿಯ ಉಪನ್ಯಾಸವನ್ನು ಬಿಟ್ಟು ಪ್ರಯೋಗಗಳನ್ನು ತಂದರು. ಪತಿಯ ಮರಣದ ನಂತರ ಗೆಳೆಯರೊಡನೆ ಕೂಡಿ ತಮ್ಮ ಮಕ್ಕಳಿಗಾಗಿ ಎರಡು ವರ್ಷ ಒಂದು ಚಿಕ್ಕ ಶಾಲೆ ನಡೆಸಿದಾಗಲೂ ಕೈಯಿಂದ ಮಾಡಿ ಕಲಿಯುವುದೇ ಅಲ್ಲಿಯ ನಿಯಮವಾಗಿತ್ತು.

1914ರಲ್ಲಿ ಮೊದಲನೆಯ ಮಹಾಯುದ್ಧವು ಸಿಡಿಯಿತು. ಪ್ಯಾರಿಸಿನಲ್ಲಿ ಅವರಿಗಾಗಿ ಕಟ್ಟಿದ ರೇಡಿಯಂ ಸಂಸ್ಥೆಯು ಆಗತಾನೆ ಮುಗಿದಿತ್ತು. ಅಲ್ಲಿಯ ಗಂಡಸರಲ್ಲಿ ಹೆಚ್ಚಿನವರು ಸೈನ್ಯಕ್ಕೆ ಹೋದರು. ಮೇಡಂ ಕ್ಯೂರಿಯವರು ಇದ್ದ ಒಂದೇ ಒಂದು ಗ್ರಾಂ ರೇಡಿಯಮ್ಮನ್ನು ಭಾರವಾದ ಸೀಸದ ಪೆಟ್ಟಿಗೆಯಲ್ಲಿರಿಸಿ, ರೈಲಿನಲ್ಲಿ ಬೋರ್ಡೋ ನಗರಕ್ಕೆ ಒಯ್ದು ಭದ್ರಪಡಿಸಿ ಮರಳಿ ಬಂದರು. ಆಮೇಲೆ ತಮ್ಮ ಕೆಲಸವೇನೆಂದು ನೋಡಿಕೊಂಡರು.

ಸಿಡಿಗುಂಡಿನ ಚೂರುಗಳು ಸೈನಿಕರ ಮೈಯೊಳಗೆ ಹೊಕ್ಕು ಎಲ್ಲಿ ನಿಂತಿವೆಯೆಂದು ತಿಳಿಯದೆ ಶಸ್ತ್ರವೈದ್ಯರು ತಡಕಾಡುತ್ತಿದ್ದರು. ಮುರಿದ ಎಲುಬನ್ನು ಕಾಣದೆಯೇ ಕೂಡಿಸುತ್ತಿದ್ದರು. ಕ್ಷ-ಕಿರಣವು ಕಣ್ಣಾಗಬಲ್ಲುದು, ಆದರೆ ಯಂತ್ರಗಳು ದೊಡ್ಡ ನಗರಗಳ ಆಸ್ಪತ್ರೆಗಳಲ್ಲಿದ್ದವು, ಗಾಯಾಳುಗಳು ರಣರಂಗದ ಅಂಚಿನಲ್ಲಿದ್ದರು. ಮೇಡಂ ಕ್ಯೂರಿಯವರು ಯಂತ್ರವನ್ನೇ ಗಾಡಿಯ ಮೇಲೆ ಏರಿಸಿದರು. ಶ್ರೀಮಂತರಿಂದ ಮೋಟಾರುಗಳನ್ನು ಬೇಡಿ ತಂದು, ಒಳಗೆ ಕ್ಷ-ಕಿರಣದ ಉಪಕರಣ, ಮಡಚುವ ಮೇಜು, ಕಪ್ಪು ಪರದೆಗಳು, ಉದ್ದನೆಯ ತಂತಿ, ಚಿತ್ರ ತೊಳೆಯುವ ಸಾಮಗ್ರಿ ಇವುಗಳನ್ನು ಅಳವಡಿಸಿದರು. ಮೋಟಾರಿನ ಎಂಜಿನ್ನೇ ಡೈನಮೋ ತಿರುಗಿಸಿ ವಿದ್ಯುತ್ತನ್ನು ಕೊಡುತ್ತಿತ್ತು. ಸೈನಿಕರು ಈ ಗಾಡಿಗಳನ್ನು ಪುಟ್ಟ ಕ್ಯೂರಿಗಳೆಂದು ಕರೆದರು. ಇಂತಹ ಇಪ್ಪತ್ತು ಗಾಡಿಗಳನ್ನು ಅವರು ಸಜ್ಜುಗೊಳಿಸಿದರು. ಆಸ್ಪತ್ರೆಗಳಲ್ಲಿ ಇನ್ನೂರು ಸ್ಥಿರ ಕೇಂದ್ರಗಳನ್ನು ಏರ್ಪಡಿಸಿದರು. ಯುದ್ಧದ ಅವಧಿಯಲ್ಲಿ ಇವುಗಳಿಂದ ಹತ್ತು ಲಕ್ಷಕ್ಕೂ ಮಿಕ್ಕಿ ಗಾಯಾಳುಗಳ ಪರೀಕ್ಷೆಯಾಯಿತೆಂದು ಲೆಕ್ಕ ಹಾಕಿರುವರು.

ಅವರು ಕಚೇರಿಯಲ್ಲಿ ಕುಳಿತು ಹುಕುಂ ಮಾಡಿದವರಲ್ಲ. ಮಾನವದೇಹದ ರಚನೆಯನ್ನು ಪುಸ್ತಕ ಹಿಡಿದು ಕಲಿತರು. 1916ರಲ್ಲಿ ಮೋಟಾರು ನಡೆಸುವ ಪರವಾನಿಗೆ ಪಡೆದರು. ಟೈರು ಬದಲಿಸುವುದು, ಕೆಟ್ಟ ಕಾರ್ಬ್ಯುರೇಟರನ್ನು ಬಿಚ್ಚಿ ತೊಳೆಯುವುದು, ಎಲ್ಲವನ್ನೂ ಮಾಡಿದರು. ಒಮ್ಮೆ ಗಾಡಿ ಮಗುಚಿ ಪೆಟ್ಟಿಗೆಗಳು ಅವರ ಮೇಲೆಯೇ ಬಿದ್ದುವು. ಎರಡು ಸಲ ನೊಬೆಲ್ ಪಡೆದವರು ಕೆಸರಿನಲ್ಲಿ ನಿಂತು ಹೀಗೆ ದುಡಿಯುತ್ತಿದ್ದರು.

ಆದರೆ ಗಾಡಿಗಳು ಹೆಚ್ಚಿದಂತೆ ಹೊಸ ತೊಡಕು ಎದುರಾಯಿತು. ಯಂತ್ರಗಳುಂಟು, ನಡೆಸುವ ಕೈಗಳಿಲ್ಲ. ಚೆನ್ನಾಗಿ ಕಲಿಯದವನ ಕೈಯಲ್ಲಿ ಒಳ್ಳೆಯ ಯಂತ್ರವೂ ವ್ಯರ್ಥವೆಂದು ಅವರು ಕಂಡುಕೊಂಡರು. 1916ರಿಂದ ರೇಡಿಯಂ ಸಂಸ್ಥೆಯಲ್ಲಿಯೇ ಹೆಣ್ಣುಮಕ್ಕಳಿಗೆ ಕ್ಷ-ಕಿರಣ ಚಿತ್ರಣದ ತರಬೇತಿ ಆರಂಭವಾಯಿತು. ಬಂದವರೆಲ್ಲ ವಿಜ್ಞಾನ ಓದಿದವರಲ್ಲ. ದಾದಿಯರಿದ್ದರು, ಬಗೆಬಗೆಯ ಮನೆತನದವರಿದ್ದರು. ಹೆಚ್ಚು ಓದದವರೂ ಇದ್ದರು. ವಿದ್ಯುತ್ತು, ಕ್ಷ-ಕಿರಣ, ಶರೀರರಚನೆ ಈ ಮೂರರ ಪಾಠ. ಅದರ ಜೊತೆಗೆ ಯಂತ್ರದ ಮೇಲೆ ಕೈಗೆಲಸ. ಕೆಲವೇ ವಾರಗಳ ಶಿಕ್ಷಣ. ಯುದ್ಧವು ಮುಗಿಯುವ ವೇಳೆಗೆ ಸುಮಾರು ನೂರೈವತ್ತು ಮಂದಿ ಅಲ್ಲಿ ಕಲಿತು ಕೇಂದ್ರಗಳಿಗೆ ಹೊರಟುಹೋಗಿದ್ದರು.

ಅವರು ಕಲಿಯಬೇಕಾದುದು ಸುಲಭದ್ದಲ್ಲ. ಒಂದು ಚಿತ್ರದಿಂದ ಚೂರು ಎಡಕ್ಕಿದೆಯೋ ಬಲಕ್ಕಿದೆಯೋ ತಿಳಿಯುವುದು. ಎಷ್ಟು ಆಳದಲ್ಲಿದೆಯೆಂಬುದು ತಿಳಿಯದು. ಅದಕ್ಕಾಗಿ ಕಿರಣದ ಕೊಳವೆಯನ್ನು ಅಳತೆಯಷ್ಟು ಪಕ್ಕಕ್ಕೆ ಸರಿಸಿ ಎರಡನೆಯ ಸಲ ನೋಡಬೇಕು. ಚೂರಿನ ನೆರಳು ಎಷ್ಟು ಸರಿಯಿತೆಂಬುದನ್ನು ಅಳೆದು, ತ್ರಿಕೋನದ ಲೆಕ್ಕದಿಂದ ಆಳವನ್ನು ತೆಗೆಯಬೇಕು. ಗಾಯಾಳು ನರಳುತ್ತಿರುವಾಗ, ಕತ್ತಲೆಯ ಕೋಣೆಯಲ್ಲಿ, ಅವನಿಗೆ ಇನ್ನಷ್ಟು ನೋವಾಗದಂತೆ ಕೈಕಾಲುಗಳನ್ನು ತಿರುಗಿಸಿ ಇದನ್ನು ಮಾಡಬೇಕು. ಪುಸ್ತಕವು ತ್ರಿಕೋನವನ್ನು ಹೇಳಿಕೊಟ್ಟೀತು. ನರಳುವವನ ಮೈಯನ್ನು ಹೇಗೆ ಮುಟ್ಟಬೇಕೆಂಬುದನ್ನು ಹೇಳಿಕೊಡದು. ಅವರ ಹಿರಿಯ ಮಗಳು ಐರೀನ್, ಯುದ್ಧ ಆರಂಭವಾದಾಗ ಇನ್ನೂ ಹದಿನೇಳು ತುಂಬದ ಹುಡುಗಿ, ತಾಯಿಯ ಜೊತೆಯಲ್ಲಿ ನಿಂತು ಕಲಿತಳು. ಸ್ವಲ್ಪ ಕಾಲದಲ್ಲಿಯೇ ಬೆಲ್ಜಿಯಂ ಗಡಿಯ ಆಸ್ಪತ್ರೆಯಲ್ಲಿ ಒಬ್ಬಳೇ ಕೇಂದ್ರವನ್ನು ನಡೆಸಿದಳು. ಆಮೇಲೆ ಪ್ಯಾರಿಸಿನ ಶಾಲೆಯಲ್ಲಿ ಇತರರಿಗೆ ಕಲಿಸಿದಳು. ಅಷ್ಟು ಚಿಕ್ಕವಳನ್ನು ಒಬ್ಬಳನ್ನೇ ಬಿಡಲು ತಾಯಿಗೆ ಧೈರ್ಯ ಬಂದುದಾದರೂ ಹೇಗೆ? ಮೊದಲು ಜೊತೆಯಲ್ಲಿ ನಿಂತು, ಆಮೇಲೆ ಸ್ವಲ್ಪ ಹಿಂದೆ ಸರಿದು, ಕಡೆಗೆ ದೂರವಾಗಿ ನೋಡಿದ್ದರಿಂದಲೇ ಬಂದಿರಬೇಕು. ಕಲಿಸುವವರು ಮಾಡಬೇಕಾದುದು ಇದೇ ಅಲ್ಲವೇ? ಪೂರ್ತಿ ಬಿಟ್ಟುಕೊಟ್ಟರೆ ರೋಗಿಗೆ ಅಪಾಯ. ಎಂದೂ ಬಿಟ್ಟುಕೊಡದಿದ್ದರೆ ಮುಂದಿನ ಸಾವಿರ ರೋಗಿಗಳಿಗೆ ಅಪಾಯ.

ಈ ಕಥೆಯ ಕತ್ತಲೆಯ ಭಾಗವನ್ನೂ ಹೇಳದೆ ಬಿಡುವುದು ನ್ಯಾಯವಲ್ಲ. ರೇಡಿಯಂ ಹಿಡಿದು ಹಿಡಿದು ಮೇಡಂ ಕ್ಯೂರಿಯವರ ಬೆರಳ ತುದಿಗಳು ಸುಟ್ಟು ಒರಟಾಗಿದ್ದವು. ಕಣ್ಣಿಗೆ ಪೊರೆ ಬಂದು ಹಲವು ಸಲ ಶಸ್ತ್ರಕ್ರಿಯೆಯಾಯಿತು. ಯುದ್ಧದ ಗಾಡಿಗಳಲ್ಲಿ ಮೈಯನ್ನು ಕಾಯುವ ಏರ್ಪಾಡು ಬಹಳ ಕಡಿಮೆಯಿತ್ತು. ಕಿರಣದ ಕೇಡನ್ನು ಅವರು ಬಹುಕಾಲ ಹಗುರವಾಗಿಯೇ ಎಣಿಸಿದರು. ಈ ಒಂದು ವಿಷಯದಲ್ಲಿ ಅವರನ್ನು ಅನುಸರಿಸಲಾಗದು. 1921ರಲ್ಲಿ ಅಮೆರಿಕದ ಮಹಿಳೆಯರು ಹಣ ಕೂಡಿಸಿ ಕೊಟ್ಟ ಒಂದು ಗ್ರಾಂ ರೇಡಿಯಮ್ಮನ್ನು ಅಲ್ಲಿಯ ಅಧ್ಯಕ್ಷರ ಕೈಯಿಂದ ಪಡೆದರು. 1932ರಲ್ಲಿ ಹುಟ್ಟೂರಾದ ವಾರ್ಸಾದಲ್ಲಿ ರೇಡಿಯಂ ಸಂಸ್ಥೆಯನ್ನು ತೆರೆದರು. ಅಂದು ಓದಿಸಿದ ಅಕ್ಕ ಬ್ರೋನ್ಯಾಳೇ ಅದರ ಮುಖ್ಯಸ್ಥೆಯಾದಳು. 1934ರ ಜುಲೈ 4ರಂದು ರಕ್ತವು ಬತ್ತುವ ವ್ಯಾಧಿಯಿಂದ ಅವರು ತೀರಿಕೊಂಡರು. 1995ರಲ್ಲಿ ಅವರ ಅವಶೇಷಗಳನ್ನು ಪ್ಯಾರಿಸಿನ ಪಾಂಥಿಯನ್ ಸ್ಮಾರಕಕ್ಕೆ ಸಾಗಿಸುವಾಗ ಪರೀಕ್ಷಿಸಿದವರು, ರೇಡಿಯಮ್ಮಿಗಿಂತ ಯುದ್ಧಕಾಲದ ಕ್ಷ-ಕಿರಣವೇ ಆ ವ್ಯಾಧಿಗೆ ಕಾರಣವಾಗಿರಬಹುದೆಂದು ಅಭಿಪ್ರಾಯಪಟ್ಟರು. ಐರೀನ್ ಕೂಡ 1935ರಲ್ಲಿ ಪತಿಯೊಡನೆ ನೊಬೆಲ್ ಪಡೆದು, 1956ರಲ್ಲಿ ರಕ್ತದ ಕ್ಯಾನ್ಸರಿನಿಂದ ಮರಣಹೊಂದಿದಳು.

ಆದುದರಿಂದಲೇ ಇಂದು ಈ ವಿದ್ಯೆಯನ್ನು ಕಲಿಯುವವರು ಚಿತ್ರ ತೆಗೆಯುವುದರ ಜೊತೆಗೆ ಕಿರಣದಿಂದ ಕಾಯ್ದುಕೊಳ್ಳುವುದನ್ನೂ ಕಲಿಯುವರು. ಕಿರಣದ ಎದುರಿನ ಕಾಲವನ್ನು ಕಡಿಮೆ ಮಾಡುವುದು, ದೂರವನ್ನು ಹೆಚ್ಚಿಸುವುದು, ನಡುವೆ ಸೀಸದ ತಡೆ ಇಡುವುದು, ಇವು ಮೂರು ಸೂತ್ರಗಳು. ದೂರವು ಎರಡರಷ್ಟಾದರೆ ಕಿರಣವು ನಾಲ್ಕನೆಯ ಒಂದು ಪಾಲಿಗೆ ಇಳಿಯುವುದು. ಎದೆಯ ಮೇಲಿನ ಚಿಕ್ಕ ಬಿಲ್ಲೆಯೊಂದು ಮೈಗೆ ತಗುಲಿದ ಕಿರಣದ ಲೆಕ್ಕ ಇಡುವುದು. ನಮ್ಮ ದೇಶದಲ್ಲಿ ಇದನ್ನೆಲ್ಲ ನೋಡಿಕೊಳ್ಳಲು 1983ರಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು ಸ್ಥಾಪನೆಯಾಯಿತು. ಕೆಟ್ಟ ಚಿತ್ರವನ್ನು ಎರಡನೆಯ ಸಲ ತೆಗೆಯುವುದೆಂದರೆ ರೋಗಿಗೆ ಎರಡನೆಯ ಸಲ ಕಿರಣ ಹಾಯಿಸುವುದೆಂದೇ ಅರ್ಥ. ನಮ್ಮ ತಂದೆಯವರು ಕಳೆದುಕೊಂಡದ್ದು ಎರಡು ದಿನದ ಕೂಲಿಯಷ್ಟೇ ಅಲ್ಲವೆಂದು ನನಗೆ ಆಗ ತಿಳಿಯಿತು.

ಈ ಕಥೆಯನ್ನು ನಾನು ಅಕ್ಕನಿಗೆ ಹೇಳಿದೆನು. ಅವಳು ಕೂಡಲೆ ಏನನ್ನೂ ಅನ್ನಲಿಲ್ಲ. ರಜೆ ಮುಗಿದ ಮೇಲೆ ಮರಳಿ ಹೋಗಿ, ಜೊತೆಯ ಹುಡುಗಿಯರೊಡನೆ ಕೂಡಿ ಒಂದು ಉಪಾಯ ಮಾಡಿದಳು. ಸಂಜೆ ಜನಸಂದಣಿ ಇಳಿದ ಮೇಲೆ, ಅನುಮತಿ ಪಡೆದು, ಕಿರಣವನ್ನು ಹಾಯಿಸದೆ, ಒಬ್ಬಳು ರೋಗಿಯಾಗಿ ಮಲಗುವುದು, ಇನ್ನೊಬ್ಬಳು ಅವಳ ಮೊಳಕಾಲು, ಭುಜ, ಬೆನ್ನುಗಳನ್ನು ಸರಿಯಾದ ಭಂಗಿಯಲ್ಲಿ ಇರಿಸುವುದು. ಇದನ್ನು ನೋಡಿದ ಹಿರಿಯ ತಂತ್ರಜ್ಞರೊಬ್ಬರು ತಾವೇ ಬಂದು ತಿದ್ದತೊಡಗಿದರಂತೆ. ಕೆಲವು ವಾರಗಳಲ್ಲಿ ಅವರ ಎದುರಿನಲ್ಲಿಯೇ ಕೈಯ ಚಿತ್ರ, ಆಮೇಲೆ ಎದೆಯ ಚಿತ್ರ ತೆಗೆಯಲು ಬಿಟ್ಟರು. ಅವಳು ತೆಗೆದ ಮೊದಲನೆಯ ಎದೆಯ ಚಿತ್ರ ಬೀಳಗಿ ಕಡೆಯ ಒಬ್ಬ ಅಜ್ಜನದು. ಉಸಿರು ಹಿಡಿಯುವುದನ್ನು ಅವರಿಗೆ ನಮ್ಮ ಮಾತಿನಲ್ಲಿ ಮೂರು ಸಲ ರೂಢಿ ಮಾಡಿಸಿದಳಂತೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ನಮ್ಮ ಜನರು ಕಬ್ಬು ಕಡಿಯುವವರು, ಮಗ್ಗ ಹೊಡೆಯುವವರು. ಕೂಲಿ ಬಿಟ್ಟು ಆಸ್ಪತ್ರೆಗೆ ಬರುವರು. ಅವರಿಗೆ ಮೇಡಂ ಕ್ಯೂರಿಯ ಹೆಸರು ತಿಳಿಯಬೇಕಾಗಿಲ್ಲ. ಆದರೆ ಎಕ್ಸ್-ರೇ ಕೋಣೆಯಲ್ಲಿ ಅವರ ಹೆಗಲನ್ನು ಹಿಡಿದು ನಿಲ್ಲಿಸುವ ಕೈ ಕಲಿತ ಕೈಯಾಗಿರಬೇಕು. ಅಂತಹ ಕೈಗಳು ಹುಟ್ಟಬೇಕಾದರೆ ಬಲ್ಲವರು ತಮ್ಮ ಕೈಯಲ್ಲಿರುವುದನ್ನು ಇನ್ನೊಬ್ಬರ ಕೈಗೆ ಕೊಡಬೇಕು. ಗಾಜಿನ ಕಪಾಟಿನ ಮುಂದೆ ನಿಂತಿದ್ದ ಹುಡುಗಿಯು ದೊಡ್ಡವಳಾದ ಮೇಲೆ ಕಪಾಟಿನ ಬಾಗಿಲನ್ನು ನೂರೈವತ್ತು ಹೆಣ್ಣುಮಕ್ಕಳಿಗೆ ತೆರೆದಿಟ್ಟಳು. ಎರಡು ನೊಬೆಲ್ ಪಾರಿತೋಷಕಗಳಿಗಿಂತ ಇದೇ ನನಗೆ ದೊಡ್ಡದಾಗಿ ಕಂಡಿತು. ಆ ತಾಯಿಗೆ ನನ್ನ ನಮಸ್ಕಾರಗಳು.